ತಾಟಿನಾಗ ಬಂಗಾರ ಹುಡುಕೋದು ಬ್ಯಾರೆ, ಹಾರಿ ತಗೊಂಡು ಹುಡುಕೋದು ಬ್ಯಾರೆ

ರೋಹಿಣಿ ಮಳಿ ಒಂದು ಹದ ಬಿದ್ದು ನಾಲ್ಕು ದಿನ ಆಗಿತ್ತು. ಮಂಗಳವಾರ ಮುಂಜಾನೆ ಹಳ್ಳದ ದಂಡಿ ಮಸಾರಿ ಹೊಲ ಹರಗಬೇಕು ಅಂತ ಎತ್ತು ಹೂಡಿಕೊಂಡು ಹೋದೆ. ಮೂರನೇ ಸಾಲು ತಿರುವುವಾಗ ಎಡಗಡೆ ಎತ್ತಿನ ಮುಂಗಾಲು ಬದುವಿನ ಪಕ್ಕ ಧಸಕ್ಕನೆ ಕೆಳಗಿಳಿಯಿತು. ಕುಂಟಿ ಬಿಟ್ಟು ಓಡಿದೆ. ಅಲ್ಲಿ ಒಂದು ತಗ್ಗು. ಮೇಲೆ ಬೇವಿನ ತಪ್ಪಲು ಹಾಕಿ ಮುಚ್ಚಿದ್ದರು. ನಾಲ್ಕು ಮಂದಿ ಹಗ್ಗ ಹಾಕಿ ಎತ್ತನ್ನು ಎಬ್ಬಿಸುವ ಹೊತ್ತಿಗೆ ಬಿಸಿಲು ಏರಿತ್ತು. ಪಶು ಡಾಕ್ಟರು ಬಂದು ನೋಡಿ, "ಎಲುಬು ಮುರಿದಿಲ್ಲ, ನಿಮ್ಮ ಪುಣ್ಯಾ. ಹದಿನೈದು ದಿನ ಹೂಡಬ್ಯಾಡ್ರಿ" ಅಂದರು. ಬಿತ್ತಿಗಿ ಮುಂದೆ ಇಟ್ಟುಕೊಂಡು ಹದಿನೈದು ದಿನ ಎತ್ತು ನಿಂತರೆ ಏನಾಗ್ತದ ಅನ್ನೋದು ಒಕ್ಕಲುತನ ಮಾಡೋರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಸುತ್ತ ನೋಡಿದರೆ ಅಂಥವು ಮೂರು ತಗ್ಗು. ನಡುಮಟ್ಟ ಆಳ. ಒಂದರ ಬಾಯಿಗೆ ಕೊಯ್ದ ಲಿಂಬಿಹಣ್ಣು, ಕುಂಕುಮ, ಊದಿನಕಡ್ಡಿ ಬೂದಿ. ನಮ್ಮ ಹೊಲದ ಆ ಮೂಲ್ಯಾಗ ದುಂಡಗೆ ಕೂಡಿಸಿಟ್ಟ ದೊಡ್ಡ ಕಲ್ಲುಗಳಿವೆ. ಮೋರೇರ ಕಲ್ಲು ಅಂತ ಹಿರೇರು ಕರೀತಿದ್ದರು. ನಮ್ಮಪ್ಪ ಅವುಗಳ ಸುತ್ತ ಉಳುಮೆ ಮಾಡುತ್ತಿದ್ದನೇ ಹೊರತು ಒಂದನ್ನೂ ಕಿತ್ತಿರಲಿಲ್ಲ. ಈಗ ಅವುಗಳಲ್ಲಿ ಎರಡು ಮಗ್ಗಲಾಗಿ ಬಿದ್ದಿದ್ದವು.

ಯಾರು ಅಂತ ನಾನು ಹುಡುಕಿಕೊಂಡು ಹೋಗಲಿಲ್ಲ. ಸಂಜೆ ನನ್ನ ತಮ್ಮನ ಮಗ ತಾನೇ ಬಂದು ಕಟ್ಟೆ ಮೇಲೆ ಕುಂತ. ಐಟಿಐ ಮುಗಿಸಿ ಎರಡು ವರ್ಷ ಆಗ್ಯದ, ಕೆಲಸ ಸಿಕ್ಕಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ದೊಡ್ಡಪ್ಪ, ಮಷೀನು ನಂದು. ಅಗದವ್ರು ಬ್ಯಾರೇದವ್ರು" ಅಂದ.

ಮಷೀನು ಅಂದರೆ ಮೆಟಲ್ ಡಿಟೆಕ್ಟರ್. ಹದಿನೆಂಟು ಸಾವಿರ ಕೊಟ್ಟು ಫೋನಿನಾಗ ತರಿಸಿದ್ದಾನೆ. ಮನ್ಯಾಗ ಹೇಳಿರಲಿಲ್ಲ. ಆರು ತಿಂಗಳು ಹಳ್ಳದಾಗ ತಿರುಗಿ ಅವನಿಗೆ ಸಿಕ್ಕಿದ್ದು ಮೊಳೆ, ಎತ್ತಿನ ಲಾಳ, ಬಾಟಲಿ ಮುಚ್ಚಳ, ಮುರಿದ ಕುಡ. ಅಷ್ಟರಾಗ ಹೊರಗಿನವರು ಇಬ್ಬರು ಅವನ ವಿಡಿಯೋ ನೋಡಿ ಬಂದು, "ಮಷೀನ್ ನಿಂದು, ಜಾಗ ನಮ್ಮದು, ಸಿಕ್ಕಿದ್ದರಾಗ ಮೂರು ಪಾಲು" ಅಂದಿದ್ದಾರೆ. ಜಾಗ ನಮ್ಮದು ಅಂದದ್ದು ನನ್ನ ಹೊಲಕ್ಕ!

ನಾನು ಬೈದೆ. ಬೈಯಬೇಕಾದಷ್ಟು ಬೈದೆ. ಎಲ್ಲಾ ಕೇಳಿಸಿಕೊಂಡು ಕೊನೆಗೆ ಅವನು ಒಂದು ಪ್ರಶ್ನೆ ಕೇಳಿದ. "ದೊಡ್ಡಪ್ಪ, ಅಗದದ್ದು ತಪ್ಪು, ಒಪ್ಪಿದೆ. ಆದ್ರ ಆಸ್ಟ್ರೇಲಿಯಾದಾಗ ಮುದುಕ್ರು ಸೈತ ರಜಾ ದಿನ ತಾಟು ಹಿಡ್ಕೊಂಡು ಹಳ್ಳದಾಗ ಬಂಗಾರ ಹುಡಕ್ತಾರ. ಅಲ್ಲಿ ಅದು ಹವ್ಯಾಸ. ಇಲ್ಲಿ ನಾ ಮಾಡಿದ್ರ ಕಳ್ಳತನ ಯಾಕ?"

ಅವತ್ತು ಉತ್ತರ ಕೊಡಲಿಲ್ಲ. ಸಿಟ್ಟಿನಾಗ ಇದ್ದೆ. ಈಗ ವಾರ ಕಳೆದಿದೆ. ಪ್ರಶ್ನೆ ನ್ಯಾಯದ್ದೇ ಅದ ಅನ್ನಿಸಿದ್ದರಿಂದ ಇಲ್ಲಿ ಬರೀತಿದ್ದೇನೆ. ಅವನಂಥ ಹುಡುಗರು ನಮ್ಮ ಸುರಪುರ, ಶಹಾಪುರ ಸೀಮೆಯಾಗ ಊರಿಗಿಬ್ಬರು ಇರ್ತಾರ. 2018ರಾಗ ಕೆಜಿಎಫ್ ಸಿನಿಮಾ ಬಂತು, 2025ರಾಗ ಬಂಗಾರ ಹತ್ತು ಗ್ರಾಂಗೆ ಲಕ್ಷ ರೂಪಾಯಿ ದಾಟಿತು. ಹುಡುಗರ ಕಣ್ಣು ನೆಲದ ಮೇಲೆ ಬಿದ್ದರೆ ಆಶ್ಚರ್ಯ ಏನದ?

ಮೊದಲು ನನ್ನ ತಪ್ಪೊಪ್ಪಿಗೆ. ಹುಡುಗನಿದ್ದಾಗ ನಾನೂ ಬಂಗಾರ ಹುಡುಕಿದ್ದೇನೆ.

ನಮ್ಮವ್ವನ ತವರುಮನೆ ಹಟ್ಟಿ ಕಡೆ. ದೇವಾಪುರದಿಂದ ತಿಂಥಣಿ ಬ್ರಿಜ್ ದಾಟಿ, ಗುರುಗುಂಟಾ ಮ್ಯಾಲೆ ಹೋದರೆ ಹಟ್ಟಿ. ನಡುವೆ ಕೃಷ್ಣಾ ಹೊಳಿ ಒಂದೇ ಅಡ್ಡ. ಸೋದರಮಾವ ಗಣಿಯಾಗ ಕೆಲಸಕ್ಕಿದ್ದ. ಬ್ಯಾಸಗಿ ರಜೆಗೆ ಹೋದಾಗ ಒಂದು ಐತವಾರ ನನ್ನನ್ನು ಗುಡ್ಡದ ಬುಡದ ಹಳ್ಳಕ್ಕೆ ಕರೆದುಕೊಂಡು ಹೋದ. ಕೈಯಾಗ ಒಂದು ಅಗಲ ತಾಟು, ಒಂದು ಸಣ್ಣ ಸಲಿಕೆ, ಗೋಧಿಹಿಟ್ಟಿನ ಜರಡಿ. ಅಷ್ಟೇ.

ಮಾವ ಮೊದಲು ಕಲಿಸಿದ್ದು ನೀರು ನೋಡೋದನ್ನು. ಹಳ್ಳ ಎಲ್ಲಿ ತಿರುಗ್ತದ, ತಿರುವಿನ ಒಳಗಡೆ ನೀರು ಎಲ್ಲಿ ಮೆತ್ತಗಾಗ್ತದ, ದೊಡ್ಡ ಬಂಡೆಯ ಹಿಂದೆ ಎಲ್ಲಿ ಸುಳಿ ನಿಲ್ತದ. ಭಾರ ಇದ್ದದ್ದು ಅಲ್ಲೇ ಕೆಳಗಿಳಿಯುತ್ತದೆ. ನೀರಿಗೆ ಹೋಲಿಸಿದರೆ ಮರಳು ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಭಾರ, ಕರಿ ಉಸುಕು ಸುಮಾರು ಐದು ಪಟ್ಟು, ಬಂಗಾರ ಹತ್ತೊಂಬತ್ತು ಪಟ್ಟು. ಹಾಗಾಗಿ ಬಂಗಾರ ಮ್ಯಾಲಿನ ಉಸುಕಿನಾಗ ಇರೋದಿಲ್ಲ. ತಳದ ಬಂಡೆಯ ಬಿರುಕಿನಾಗ, ಗರಿಕೆ ಬೇರಿನ ಗಂಟಿನಾಗ ಸಿಕ್ಕಿಕೊಂಡಿರ್ತದ.

ಆ ಬಿರುಕಿನ ಮಣ್ಣು ಅರ್ಧ ತಾಟು ತುಂಬಿ, ನೀರಾಗ ಮುಳುಗಿಸಿ, ಹೆಂಟೆ ಒಡೆದು, ಹರಳು ಆರಿಸಿ ಒಗೆಯಬೇಕು. ಆಮೇಲೆ ತಾಟನ್ನು ಎಡಕ್ಕ ಬಲಕ್ಕ ಅಲುಗಾಡಿಸಬೇಕು, ಭಾರದ್ದು ಕೆಳಗೆ ಕೂಡಲಿ ಅಂತ. ನಂತರ ತಾಟು ಸ್ವಲ್ಪ ಬಾಗಿಸಿ ಮ್ಯಾಲಿನ ಹಗುರ ಉಸುಕನ್ನು ನೀರಿನ ಜೊತೆ ಬಿಡಬೇಕು. ನಮ್ಮವ್ವ ಅಕ್ಕಿ ಗಾಳಿಸಿದಂಗ. ಒಂದೇ ಫರಕು: ಅಕ್ಕಿ ಗಾಳಿಸುವಾಗ ತಳದಾಗ ಉಳಿದ ಕಲ್ಲು ಚೆಲ್ಲುತ್ತೇವೆ, ಇಲ್ಲಿ ತಳದಾಗ ಉಳಿದದ್ದೇ ಬೇಕು. ಕೊನೆಗೆ ಒಂದು ಚಮಚದಷ್ಟು ಕರಿ ಉಸುಕು ಉಳೀತದ. ಅದು ಬಹಳಷ್ಟು ಕಬ್ಬಿಣದ್ದು. ಒಣಗಿಸಿ ಅಯಸ್ಕಾಂತ ತೋರಿಸಿದರೆ ಎದ್ದು ಬರ್ತದ. ಉಳಿದದ್ದರಾಗ ಕಣ್ಣಿಟ್ಟು ನೋಡಬೇಕು.

ಹೊಳೆಯೋದೆಲ್ಲಾ ನೋಡಿ ನಾನು ಕುಣಿದಾಡಿದೆ. ಮಾವ ನಕ್ಕ. "ಅದು ಕಾಗಿಬಂಗಾರ" ಅಂದ. ಕಾಗಿಬಂಗಾರ ಅಂದರೆ ಅಭ್ರಕ. ಬಿಸಿಲಿಗೆ ಒಂದು ಮಗ್ಗಲು ಹಿಡಿದರೆ ಮಿಂಚ್ತದ, ತಿರುಗಿಸಿದರೆ ಕಪ್ಪಾಗ್ತದ, ಉಗುರಿನಿಂದ ಪದರು ಏಳ್ತದ. ಇನ್ನೊಂದು ಮೋಸಗಾರ ಗಂಧಕ ಇರುವ ಕಬ್ಬಿಣದ ಕಲ್ಲು, ಪೈರೈಟ್. ಸುತ್ತಿಗೆ ಏಟಿಗೆ ಪುಡಿಪುಡಿ ಆಗ್ತದ. ಬಂಗಾರ ಏಟಿಗೆ ಚಪ್ಪಟಿ ಆಗ್ತದ, ಪುಡಿ ಆಗೋದಿಲ್ಲ. ನೆರಳಿನಾಗ ಹಿಡಿದರೂ ಹಳದಿಯಾಗೇ ಇರ್ತದ.

ಬೆಳಿಗ್ಗೆಯಿಂದ ಸಂಜೆ ತನಕ ನಾವಿಬ್ಬರೂ ಗಾಳಿಸಿದ್ದಕ್ಕೆ ಸಿಕ್ಕಿದ್ದು ಒಂದೇ ಚುಕ್ಕಿ. ಸಾಸಿವೆ ಕಾಳಿಗಿಂತ ಸಣ್ಣದು. ಇಂಜೆಕ್ಷನ್ ಬಾಟಲಿಯಾಗ ನೀರು ಹಾಕಿ ಅದರಾಗ ಬಿಟ್ಟುಕೊಂಡು ಊರಿಗೆ ತಂದೆ. ಅವ್ವ ಪತ್ತಾರನಿಗೆ ತೋರಿಸಿದಳು. ಬಂಗಾರ ಹೌದು ಅಂದ. "ಆದ್ರ ಇದನ್ನ ತೂಗಾಕ ನನ್ನ ತಕ್ಕಡಿಗಿ ಕಣ್ಣಿಲ್ಲವ್ವ" ಅಂದ. ಕಾಯ್ದೆ ಏನು ಹೇಳ್ತದ ಅಂತ ಆಗ ನನಗ ಗೊತ್ತಿರಲಿಲ್ಲ, ಮಾವನಿಗೂ ಆ ವಿಚಾರ ಬಂದಿರಲಿಲ್ಲ.

ನಾನು ಈ ಕಥಿ ಹೇಳಿದ್ದು ಯಾಕಂದರೆ ಆ ಒಂದು ದಿನ ನನಗ ಕೊಟ್ಟದ್ದು ಬಾಟಲಿಯಾಗಿನ ಚುಕ್ಕಿಗಿಂತ ದೊಡ್ಡದು. ನೀರು ಎಲ್ಲಿ ಜೋರು ಹೋಗ್ತದ, ಎಲ್ಲಿ ನಿಂತು ಏನು ಇಳಿಸ್ತದ ಅನ್ನೋ ಪಾಠ ಅವತ್ತು ಕಣ್ಣಿಗೆ ಹತ್ತಿತು. ಮುಂದೆ ಹೊಲಕ್ಕ ಬದು ಹಾಕುವಾಗ, ಒಡ್ಡಿಗೆ ಕಲ್ಲು ಜೋಡಿಸುವಾಗ ನನ್ನ ಕೆಲಸಕ್ಕೆ ಬಂದದ್ದು ಅದೇ ಕಣ್ಣು. ನಮ್ಮ ಬದುವಿನ ಬುಡದಾಗ ಮೆತ್ತಗಿನ ರೇವಿ ಮಣ್ಣು ನಿಲ್ತದ ಅಂದರೆ ಅದರಾಗ ಮಾವನ ತಾಟಿನ ಪಾಲು ಅದ.

ಇದು ನಮ್ಮ ನಾಡಿಗೆ ಹೊಸ ವಿದ್ಯೆ ಅಲ್ಲ. ಹಳ್ಳದ ಉಸುಕು ತೊಳೆದು ಬಂಗಾರ ತೆಗೆಯುವವರಿಗೆ ಜಲಗಾರರು ಅಂತ ಹೆಸರಿತ್ತು. ಗದಗ ಕಡೆ ಕಪ್ಪತಗುಡ್ಡದ ಹಳ್ಳಗಳಲ್ಲಿ, ಸೊರಟೂರು ಹಳ್ಳದಂಥ ಕಡೆ, ಮಳೆಗಾಲ ಮುಗಿದ ಮೇಲೆ ಅವರು ಕೆಲಸ ಮಾಡುತ್ತಿದ್ದರು. 1874ರಾಗ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳ ಗುಡ್ಡಗಳ ಬಗ್ಗೆ ಬರೆದ ವರದಿಯಲ್ಲಿ ಅವರ ಪ್ರಸ್ತಾಪ ಇದೆ. ದೊಡ್ಡ ಸರ್ವೇ ಸಾಹೇಬರು ಬಂಗಾರ ಇರೋ ಹಳ್ಳ ಯಾವುದು ಅಂತ ಕೇಳಿದ್ದು ಈ ತಾಟಿನವರನ್ನೇ.

ಹಟ್ಟಿಯದು ಇನ್ನೂ ಹಳೇ ಕಥಿ. ಈಗಿನ ಕಂಪನಿ 1947ರಾಗ ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ ಶುರುವಾಗಿ, ರಾಜ್ಯಗಳ ವಿಂಗಡಣೆ ಆದ ಮೇಲೆ ಹಟ್ಟಿ ಚಿನ್ನದ ಗಣಿ ಆಯಿತು. ಆದರೆ ಅವರು ಇಳಿಯುವ ಮೊದಲೇ ಅಲ್ಲಿ ಯಾರೋ ಇಳಿದಿದ್ದರು. ಹಳೆ ಗಣಿಯ ಗುರುತು ಸುಮಾರು 640 ಅಡಿ ಆಳದ ತನಕ ಸಿಕ್ಕಿದೆ. ಒಳಗೆ ಸಿಕ್ಕ ಕಟ್ಟಿಗೆಯ ವಯಸ್ಸು ಪರೀಕ್ಷೆ ಮಾಡಿದರೆ ಹತ್ತಿರ ಹತ್ತಿರ ಎರಡು ಸಾವಿರ ವರ್ಷ. ಮದ್ದು ಇಲ್ಲ, ಡ್ರಿಲ್ಲಿಂಗ್ ಮಷೀನ್ ಇಲ್ಲ. ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ನೀರು ಉಗ್ಗಿ ಸೀಳಿ ಇಳಿದವರು ಅವರು.

ಈಗ ನನ್ನ ತಮ್ಮನ ಮಗನಿಗೆ ಮೊದಲ ಉತ್ತರ. ತಮ್ಮಾ, ನೀನು ಹುಡುಕಿದ ಹಳ್ಳದಾಗ ಬಂಗಾರ ಸಿಗೋ ಆಸೆ ಕಡಿಮೆ. ಬಂಗಾರ ಎಲ್ಲೆಂದರಲ್ಲಿ ಹುಟ್ಟೋದಿಲ್ಲ. ಹಟ್ಟಿ–ಮಸ್ಕಿ ಸಾಲಿನಾಗ ಕಪ್ಪು-ಹಸಿರು ಬಣ್ಣದ ಹಳೇ ಕಲ್ಲಿನ ಪಟ್ಟಿ ಅದ. ಅದರಾಗ ಬೆಣಚುಕಲ್ಲಿನ ನರಗಳು ಓಡ್ಯಾವ. ಆ ನರದಾಗ ಬಂಗಾರ. ನಮ್ಮ ಸುರಪುರ ಸೀಮೆಯಲ್ಲೂ ಮಂಗಳೂರು ಅನ್ನೋ ಊರಿನ ಕಡೆ ಅಂಥದೇ ಸಣ್ಣ ಪಟ್ಟಿ ಅದ, ಹಳೇ ಗಣಿ ಕೆಲಸದ ಗುರುತೂ ಅದ. (ಕಡಲ ದಂಡಿ ಮಂಗಳೂರಲ್ಲ, ನಮ್ಮದು.) ಅದು ಬಿಟ್ಟು ನಮ್ಮ ಸುತ್ತಲಿನ ಗುಡ್ಡ ಬಹಳಷ್ಟು ಗ್ರಾನೈಟಿನದು. ಗ್ರಾನೈಟ್ ಗುಡ್ಡದಿಂದ ಇಳಿದು ಬರೋ ಹಳ್ಳದಾಗ ಕಾಗಿಬಂಗಾರ ಬೇಕಾದಷ್ಟು ಸಿಗ್ತದ.

ಎರಡನೇದು ಲೆಕ್ಕ. ಗಣಿಯ ಕಲ್ಲಿನಾಗ ಟನ್ನಿಗೆ ಕೆಲವೇ ಗ್ರಾಂ ಬಂಗಾರ ಇರ್ತದ. ಲೆಕ್ಕಕ್ಕ ಅಂತ ಮೂರು ಗ್ರಾಂ ಹಿಡಿಯೋಣ. ನಿನ್ನ ತಾಟಿಗೆ ಐದು ಕಿಲೋ ಮಣ್ಣು ಹಿಡಿದರೆ ಒಂದು ಟನ್ನಿಗೆ ಇನ್ನೂರು ತಾಟು. ಅಂದರೆ ಒಂದು ತಾಟಿಗೆ ಹದಿನೈದು ಮಿಲಿಗ್ರಾಂ. ಇದು ಗಣಿಯ ಕಲ್ಲನ್ನೇ ಹಿಟ್ಟು ಮಾಡಿ ತಂದು ಕೊಟ್ಟು, ಒಂದು ಕಣವೂ ತಪ್ಪದಂತೆ ನೀನು ಗಾಳಿಸಿದರೆ. ಹಳ್ಳದ ಉಸುಕು ಅದರ ಹತ್ತಿರಕ್ಕೂ ಬರೋದಿಲ್ಲ. ಕೋಲಾರದಾಗ 120 ವರ್ಷ ಗಣಿ ನಡೆಸಿ, ಮೂರು ಕಿಲೋಮೀಟರಿಗೂ ಆಳ ಇಳಿದು, ಸುಮಾರು 800 ಟನ್ ತೆಗೆದು, ಕೊನೆಗೆ ಖರ್ಚು ಹೊಂದಲಿಲ್ಲ ಅಂತ 2001ರ ಫೆಬ್ರವರಿಯಾಗ ಬಾಗಿಲು ಹಾಕಿದರು. ತಾಟಿನವನ ಹೊಟ್ಟಿ ತುಂಬೋದು ಹ್ಯಾಂಗ? ಮತ್ತೆ ನಿನ್ನ ಹದಿನೆಂಟು ಸಾವಿರದ ಮಷೀನು ಮೊಳಿಗೆ ಕೂಗ್ತದೇ ಹೊರತು ಸಾಸಿವೆಗಿಂತ ಸಣ್ಣ ಕಣಕ್ಕ ಕೂಗಂಗಿಲ್ಲ.

ಹಾಗಾಗಿ ಇದು ದುಡಿಮೆ ಅಲ್ಲ. ಹವ್ಯಾಸ. ಮೀನಿನ ಗಾಳ ಹಾಕಿ ಕುಂತಂಗ. ಈ ಮಾತು ಒಪ್ಪಿಕೊಂಡವನಿಗೆ ಮಾತ್ರ ನಾನು ಮುಂದಿನ ಮಾತು ಹೇಳ್ತೀನಿ.

ಆಸ್ಟ್ರೇಲಿಯಾದ ಕಥಿ ಹುಡುಗ ಹೇಳಿದ್ದು ಖರೆ. ವಿಕ್ಟೋರಿಯಾ ರಾಜ್ಯದಾಗ 1854ರಾಗ ಲೈಸೆನ್ಸ್ ಶುಲ್ಕದ ಜುಲುಮೆ ತಾಳಲಾರದೆ ಯುರೇಕಾ ಅನ್ನೋ ಕಡೆ ಗಣಿಗಾರರು ದಂಗೆ ಎದ್ದರು, ಜೀವ ಹೋದವು. ಮರುವರ್ಷ ಸರ್ಕಾರ ಆ ಲೈಸೆನ್ಸ್ ತೆಗೆದು 'ಮೈನರ್ಸ್ ರೈಟ್' ಅಂತ ವರ್ಷಕ್ಕೆ ಒಂದು ಪೌಂಡಿನ ಹಕ್ಕುಪತ್ರ ಕೊಟ್ಟಿತು. ಅದೇ ಹೆಸರಿನ ಚೀಟಿ ಇವತ್ತಿಗೂ ಅಲ್ಲಿ ಹವ್ಯಾಸಿಗಳಿಗೆ ಸಿಗ್ತದ. ಆದರೆ ಹುಡುಗ ಹೇಳದೇ ಬಿಟ್ಟದ್ದೂ ಅದ: ಕೈಯಿಂದ ಬಳಸುವ ಸಲಕರಣೆ ಮಾತ್ರ, ಖಾಸಗಿ ಹೊಲ ಆದರೆ ಮಾಲೀಕನ ಒಪ್ಪಿಗೆ ಬೇಕು, ಅಲ್ಲಿನ ಮೂಲನಿವಾಸಿಗಳ ಹಳೇ ಜಾಗ ಮುಟ್ಟಂಗಿಲ್ಲ, ತೋಡಿದ ತಗ್ಗು ಮುಚ್ಚಬೇಕು. ನ್ಯೂಜಿಲೆಂಡಿನಾಗ ಸರ್ಕಾರವೇ ಕೆಲವು ಹಳ್ಳಗಳ ತುಂಡು ಗುರುತಿಸಿ, ಇಲ್ಲಿ ಯಾರು ಬೇಕಾದರೂ ತಾಟು ಹಿಡಿಯಬಹುದು ಅಂತ ಬಿಟ್ಟಿದೆ.

ನಮ್ಮಲ್ಲಿ? 1957ರ ಗಣಿ ಮತ್ತು ಖನಿಜ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಖನಿಜ ಹುಡುಕೋದೇ ಅಪರಾಧ. ಶಿಕ್ಷೆ ಐದು ವರ್ಷದ ತನಕ ಜೈಲು, ಹೆಕ್ಟೇರಿಗೆ ಐದು ಲಕ್ಷದ ತನಕ ದಂಡ. ಹೊಲ ನನ್ನದೇ ಇದ್ದರೂ ಲೈಸೆನ್ಸ್ ಬೇಕು. ಹೂತಿಟ್ಟ ನಿಧಿಗೆ ಕರ್ನಾಟಕದ್ದೇ 1962ರ ಕಾಯ್ದೆ ಅದ. ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ರಕ್ಷಿತ ಸ್ಮಾರಕದ ಜಾಗದಾಗ ಅಗೆದರೆ ಮತ್ತೊಂದು ಕೇಸು.

ಕಾಯ್ದೆ ಬೇಕು, ಇಲ್ಲ ಅನ್ನೋದಿಲ್ಲ. ಹೊಳಿ ಉಸುಕು ರಾತ್ರೋರಾತ್ರಿ ಎಲ್ಲಿ ಹೋಗ್ತದ ಅನ್ನೋದು ಕೃಷ್ಣಾ ದಂಡಿಯವರಿಗೆ ಗೊತ್ತು. ಆದರೆ ಈ ಕಾಯ್ದೆ ಬರೆದವರ ಮನಸ್ಸಿನಾಗ ಇದ್ದದ್ದು ಕಂಪನಿ, ಲೀಸು, ಲಾರಿ. ತಾಟು ಹಿಡಿದು ಒಂದು ಐತವಾರ ಹಳ್ಳದಾಗ ಕುಂತವನ ನೆನಪು ಯಾರಿಗೂ ಇರಲಿಲ್ಲ. ಅದರಿಂದ ಆಗಿದ್ದೇನು? ಅಕ್ಕಿ ಗಾಳಿಸಿದಂಗ ಉಸುಕು ಗಾಳಿಸೋ ಹುಡುಗನೂ, ನನ್ನ ಎತ್ತಿನ ಕಾಲು ಉಳುಕಿಸಿದ ಹಾರಿಯವನೂ ಒಂದೇ ಸಾಲಿನಾಗ ನಿಂತರು. ಎರಡೂ ಕದ್ದು ಮಾಡೋ ಕೆಲಸ ಆದ ಮೇಲೆ ಹುಡುಗನಿಗೆ ನಡುವಿನ ಗೆರಿ ಕಾಣೋದು ಹ್ಯಾಂಗ? ಹೊರಗಿನವರು ಬಂದು "ಹ್ಯಾಂಗೂ ಕದ್ದೇ ಮಾಡಾಕತ್ತೀದಿ, ನಮ್ಮ ಜೋಡಿ ಬಾ" ಅಂದರೆ ಅವನ ಬಳಿ ಉತ್ತರ ಇರಲಿಲ್ಲ.

ನನ್ನ ಅಭಿಪ್ರಾಯ ಇಷ್ಟು. ತಾಟಿಗೆ ಒಂದು ಸಣ್ಣ ಬಾಗಿಲು ತೆರೀರಿ, ಹಾರಿಗೆ ದೊಡ್ಡ ಬೀಗ ಹಾಕ್ರಿ. ಇಡೀ ಹೊಳಿ ಬಿಟ್ಟುಕೊಡಿ ಅಂತ ನಾನು ಕೇಳೋದಿಲ್ಲ. ಹಟ್ಟಿ–ಮಸ್ಕಿ ಸೀಮೆಯಾಗ ಒಂದು ಹಳ್ಳದ ಒಂದು ತುಂಡು, ಕಪ್ಪತಗುಡ್ಡದ ಅರಣ್ಯದ ಹೊರಗೆ ಇನ್ನೊಂದು. ಗಣಿ ಮತ್ತು ಭೂವಿಜ್ಞಾನ ಇಲಾಖೆ ಗುರುತು ಮಾಡಲಿ, ಹಟ್ಟಿ ಕಂಪನಿಯ ಒಬ್ಬ ಜಾಣ ಮುಂದೆ ನಿಂತು ತೋರಿಸಲಿ. ಬ್ಯಾಸಗಿಯಾಗ ಮಾತ್ರ, ಹಳ್ಳದ ತಳದಾಗ ಮಾತ್ರ. ತಾಟು, ಸಣ್ಣ ಸಲಿಕೆ ಬಿಟ್ಟು ಬ್ಯಾರೆ ಏನೂ ಬ್ಯಾಡ. ದಂಡಿ ಕೆದರಂಗಿಲ್ಲ, ಪಂಪು ಇಡಂಗಿಲ್ಲ, ಪಂಚಾಯಿತಿಗೆ ಗೊತ್ತಿಲ್ಲದೆ ಇಳಿಯಂಗಿಲ್ಲ. ಹಳೇ ವಸ್ತು ಏನರೆ ಕಂಡರೆ ಅಲ್ಲೇ ಬಿಟ್ಟು ತಿಳಿಸಬೇಕು. ಸಾಲಿ ಮಕ್ಕಳನ್ನು ವರ್ಷಕ್ಕೊಮ್ಮೆ ಕರೆದುಕೊಂಡು ಹೋಗಲಿ. ಒಂದು ಚುಕ್ಕಿ ಸಿಗಲು ಎಷ್ಟು ಬೆವರು ಬೇಕು ಅಂತ ಒಮ್ಮೆ ಕಂಡ ಹುಡುಗ ಲಿಂಬಿಹಣ್ಣಿನವರ ಮಾತು ನಂಬೋದು ಕಷ್ಟ.

ಪಾದರಸದ ಮಾತು ಬಿಡಿಸಿ ಹೇಳಬೇಕು. ಸಣ್ಣ ಕಣ ಹಿಡಿಯಲು ಪಾದರಸ ಹಾಕಿ, ಆಮೇಲೆ ಅದನ್ನು ಕಾಯಿಸಿ ಹಾರಿಸೋದು ಜಗತ್ತಿನ ಎಷ್ಟೋ ಬಡ ದೇಶಗಳಲ್ಲಿ ನಡೆದಿದೆ. ಆ ಹೊಗೆ ಮೆದುಳಿಗೆ, ನರಕ್ಕೆ, ಮೂತ್ರಪಿಂಡಕ್ಕೆ ಇಳೀತದ. ನೀರಿಗೆ ಬಿದ್ದದ್ದು ಮೀನಿನ ಮೂಲಕ ತಟ್ಟಿಗೆ ಬರ್ತದ. ಇದನ್ನು ತಡೆಯಲೆಂದೇ ಮಿನಮಾಟಾ ಒಪ್ಪಂದ ಆಗಿದ್ದು, 2018ರಾಗ ಭಾರತವೂ ಅದಕ್ಕ ಒಪ್ಪಿದೆ. ವಿಡಿಯೋದಾಗ ಯಾರರೆ ಬೆಳ್ಳಗಿನ ದ್ರವ ಹಾಕಿ ಬಾಂಡ್ಲಿಯಾಗ ಕಾಯಿಸೋದು ತೋರಿಸಿದರೆ ಅದನ್ನು ಮನ್ಯಾಗ ಮಾಡಬ್ಯಾಡ್ರಿ. ಮಾವ ಅವತ್ತೇ ಹೇಳಿದ್ದ: "ಪಾದರಸ ಹಾಕಿ ಹಿಡಿಯೋ ಅಷ್ಟು ಸಣ್ಣ ಬಂಗಾರ ಹಳ್ಳಕ್ಕ ಇರಲಿ."

ನನಗೆ ಎದುರು ಮಾತೂ ಕೇಳಿಸ್ತದ. "ಇಷ್ಟು ಬಾಗಿಲು ತೆರೆದರೆ ಉಸುಕು ದಂಧೆಯವರು ತಾಟಿನ ಚೀಟಿ ಹಿಡಿದು ಟ್ರ್ಯಾಕ್ಟರ್ ಇಳಿಸ್ತಾರ." ಭಯ ಸುಳ್ಳಲ್ಲ. ಅದಕ್ಕೇ ಇಡೀ ಹಳ್ಳ ಬ್ಯಾಡ, ಗುರುತು ಹಾಕಿದ ಒಂದು ತುಂಡು ಅಂದೆ. ಅಲ್ಲಿ ಗಾಲಿ ಗುರುತು ಕಂಡರೆ ಯಾರು ಬೇಕಾದರೂ ಕೇಳಬಹುದು. "ರೈತರಿಗೆ ನೂರೆಂಟು ತಾಪತ್ರಯ ಇರುವಾಗ ಇದೇನು ಶೋಕಿ" ಅನ್ನೋರೂ ಇದ್ದಾರೆ. ಅವರಿಗೆ ನಾನು ನನ್ನ ಎತ್ತಿನ ಕಾಲು ತೋರಿಸ್ತೇನೆ. ಈ ತಾಪತ್ರಯ ಬಂದದ್ದು ಎಲ್ಲಿಂದ? ಕೆಲಸ ಇಲ್ಲದ ಹುಡುಗನ ಕುತೂಹಲಕ್ಕೆ ಮರ್ಯಾದಿಯ ದಾರಿ ಇಲ್ಲದ್ದರಿಂದ.

ಇನ್ನು ಆ ಕುತೂಹಲದ ಬಗ್ಗೆ. ಅಶೋಕ ಚಕ್ರವರ್ತಿಯ ಶಾಸನಗಳಲ್ಲಿ ಬಹಳ ಕಡೆ 'ದೇವಾನಾಂಪ್ರಿಯ' 'ಪ್ರಿಯದರ್ಶಿ' ಅಂತ ಬಿರುದು ಮಾತ್ರ ಇತ್ತು. ಆ ದೊರೆ ಅಶೋಕನೇ ಅಂತ ವಿದ್ವಾಂಸರು ಊಹಿಸಿದ್ದರು, ಆದರೆ ಕಲ್ಲಿನ ಮೇಲೆ ಹೆಸರು ಕಂಡಿರಲಿಲ್ಲ. 1915ರಾಗ ನಮ್ಮ ಪಕ್ಕದ ಮಸ್ಕಿಯಲ್ಲಿ ಆ ಹೆಸರು ಇರುವ ಬಂಡೆ ಸಿಕ್ಕಿತು. ಕಂಡವನು ಸಿ. ಬೀಡನ್. ಪುರಾತತ್ವದವನಲ್ಲ, ನಿಜಾಮ ಸರ್ಕಾರದ ಗಣಿ ಎಂಜಿನಿಯರ್. ಬಂಗಾರ ಹುಡುಕಿಕೊಂಡು ಗುಡ್ಡ ತಿರುಗುತ್ತಿದ್ದವನು. ಬಂಡೆ ಮೇಲೆ ಗೀಚಿದ ಅಕ್ಷರ ಕಂಡ ಕೂಡಲೇ ಅದನ್ನು ತಿಳಿಸಬೇಕಾದವರಿಗೆ ತಿಳಿಸಿದ. ಅವನ ಜಾಗದಾಗ ಹಾರಿಯವನೊಬ್ಬ ಇದ್ದಿದ್ದರೆ, ಅಕ್ಷರ ಇದ್ದ ಕಲ್ಲಿನ ಕೆಳಗೆ ನಿಧಿ ಇದೆ ಅಂತ ಮೊದಲು ಆ ಬಂಡೆಯನ್ನೇ ಒಡೆಯುತ್ತಿದ್ದ.

ನಮ್ಮ ಕಡೆಯದೇ ಇನ್ನೊಂದು. ಹುಣಸಗಿ–ಬೈಚಬಾಳ ಬಯಲಿನಾಗ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ವರ್ಷಗಟ್ಟಲೆ ಹೊಲ ಹೊಲ ನಡೆದು ಕಲ್ಲು ನೋಡಿದರು. ಇಸಾಂಪುರದಲ್ಲಿ ಆದಿಮಾನವರು ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ ಬೆಳಕಿಗೆ ಬಂತು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ. ರಾಜನಕೋಳೂರಿನ ಕಲ್ಲುಮನೆಗಳನ್ನು ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಸಾಹೇಬ 1850ರ ಆಸುಪಾಸಿನಲ್ಲೇ ನೋಡಿ ಬರೆದಿಟ್ಟ. ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಸಾಲುಗಲ್ಲು ನೋಡದವರು ಒಮ್ಮೆ ನೋಡಿ ಬರ್ರಿ. ಇಂಥ ನೆಲದಾಗ ಲಿಂಬಿಹಣ್ಣು ಕೊಯ್ದು ಅಗೆಯುವವರು ಹೊರಗೆ ಒಗೆದ ಮಣ್ಣಿನಾಗೇ ನಮ್ಮ ಆಸ್ತಿ ಇರ್ತದ. ನನ್ನ ಹೊಲದ ಮೂರನೇ ತಗ್ಗಿನ ಮಣ್ಣಿನಾಗ ಒಂದು ಮಗ್ಗಲು ಕಪ್ಪು, ಒಂದು ಮಗ್ಗಲು ಕೆಂಪು ಇರುವ ಮಡಿಕಿ ಚೂರು ಬಿದ್ದಿದ್ದವು. ಕಲ್ಲಿನ ದುಂಡುಗಳ ಕೆಳಗೆ ಸತ್ತವರ ಜೊತೆ ಇಡುತ್ತಿದ್ದಂಥ ಮಡಿಕಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ಯಾರದೋ ಗೋರಿ ಅದು. ಬಂಗಾರ ಇರಲಿಲ್ಲ, ಇದ್ದದ್ದನ್ನು ಒಡೆದು ಹೋದರು.

ತಮ್ಮನ ಮಗನಿಗೆ ಇಷ್ಟನ್ನೂ ಹೇಳಿದೆ. ಕಾಯ್ದೆ ಬದಲಾಗೋ ತನಕ ತಾಟು ಹಿಡಿಯಬ್ಯಾಡ ಅಂತಲೂ ಹೇಳಿದೆ. ನ್ಯಾಯ ನಿನ್ನ ಕಡೆ ಸ್ವಲ್ಪ ಇದ್ದರೂ ಕೇಸು ಪೂರ್ತಿ ನಿನ್ನ ಮ್ಯಾಲೆ ಬೀಳ್ತದ. ನೋಡೋದಕ್ಕೆ ಲೈಸೆನ್ಸ್ ಬ್ಯಾಡ. ಹಳ್ಳ ನಡಿ, ಕಲ್ಲು ನೋಡು, ಫೋಟೋ ತಗಿ, ಬರ್ಕೋ.

ಮರುದಿನ ಅವನು ಸಲಿಕೆ ತಗೊಂಡು ಬಂದ. ಇಬ್ಬರೂ ಕೂಡಿ ಎರಡು ತಗ್ಗು ಮುಚ್ಚಿದೆವು. ಮಡಿಕಿ ಚೂರಿನ ತಗ್ಗನ್ನು ಹಾಗೇ ಬಿಟ್ಟು, ಸುತ್ತ ಜಾಲಿ ಮುಳ್ಳು ಹಾಕಿ, ಫೋಟೋ ಸಮೇತ ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು ಬಂದೆವು. ಅರ್ಜಿ ಬರೆದವನು ಅವನೇ. ಹೊರಗಿನವರಿಬ್ಬರ ಫೋನ್ ನಂಬರನ್ನೂ ಅದರಾಗ ಬರೆದ. ಬರೀವಾಗ ಕೈ ನಡುಗ್ತಿತ್ತು, ಆದರೂ ಬರೆದ.

ಮಷೀನು ಮಾರ್ತೀನಿ ಅಂದ. ಮಾರಿದರೆ ಮತ್ತೊಬ್ಬ ಹುಡುಗ ಕೊಳ್ತಾನ, ಬ್ಯಾಡ ಅಂದೆ. ಈಗ ಅದಕ್ಕೊಂದು ಕೆಲಸ ಸಿಕ್ಕಿದೆ. ಹೋದ ವರ್ಷ ನಮ್ಮ ಓಣ್ಯಾಗ ಒಂದು ಎಮ್ಮಿ ಮೇವಿನ ಜೋಡಿ ತಂತಿ ನುಂಗಿ ಸತ್ತಿತ್ತು. ಹುಡುಗ ಈಗ ಮನಿ ಮನಿ ಬಣವಿಗೆ ಮಷೀನು ಹಿಡಿದು ಮೊಳೆ, ತಂತಿ ಆರಿಸಿ ಕೊಡ್ತಾನೆ. ನನ್ನ ಕುಂಟಿಯ ಕಳೆದುಹೋದ ಕೀಲು ಎರಡು ಹುಡುಕಿ ಕೊಟ್ಟಿದ್ದಾನೆ. ಟ್ರ್ಯಾಕ್ಟರ್ ಬಾಡಿಗೆಯಾಗ ಅರ್ಧ ತಾನೇ ಕೊಡ್ತೀನಿ ಅಂದಿದ್ದಾನೆ, ಕೊಡಲಿ.

ಎತ್ತು ಈಗ ಕಾಲು ಊರಾಕತ್ತದ. ಡಾಕ್ಟರು ಕೊಟ್ಟ ಎಣ್ಣಿ ದಿನಾ ಎರಡು ಸಲ ತಿಕ್ತೀವಿ. ಮೃಗಶಿರಾ ಮಳಿ ಹದ ಕೊಟ್ಟರೆ ತೊಗರಿ ಬಿತ್ತಬೇಕು. ಐತವಾರ ಹುಡುಗನನ್ನು ಕರಕೊಂಡು ಮಸ್ಕಿಗೆ ಹೋಗಿ ಬರ್ತೀನಿ. ಬಂಡೆ ಮೇಲಿನ ಆ ಹೆಸರನ್ನು ನಾನೂ ಇನ್ನೂ ಕಣ್ಣಾರೆ ನೋಡಿಲ್ಲ. ನಿಮ್ಮ ಊರ ಹಳ್ಳದಾಗ ಹಿಂದಕ್ಕ ಯಾರರೆ ಬಂಗಾರ ತೊಳೀತಿದ್ದರು ಅಂತ ಹಿರೇರು ಹೇಳಿದ್ದು ನೆನಪಿದ್ದರೆ ನನಗ ತಿಳಿಸ್ರಿ. ಹಳ್ಳದ ಜಾಗ ಬರೀಬ್ಯಾಡ್ರಿ, ಅವರ ಕಥಿ ಬರೀರಿ ಸಾಕು.